ಭಾನುವಾರ ಹಳೆ ಆಟೋ-5 ಕೋವಿ ತರುವವರ ಗಮನಕ್ಕೆ

ಗೆಳೆಯರೇ, ಕ್ಲೇ (ಹಾರಿಸುವ ಮಣ್ಣಿನ ತಟ್ಟೆ ಗುರಿ) ಹೊಡೆಯೋಕೆ ಹಳೆ ಬೆಲ್ಜಿಯಂ ಬ್ರೌನಿಂಗ್ ಆಟೋ-5 ಚರೆ ಕೋವಿ ತರುವವರು ಮನೆಯಲ್ಲೇ ಮುಂಗೈ ಮರ, ಅಂದರೆ ನಳಿಕೆ ಕೆಳಗೆ ಕೈ ಹಿಡಿಯುವ ಭಾಗ, ಬಿಚ್ಚಿ ಒಳಗೆ ನೋಡಿಕೊಂಡು ಬನ್ನಿ. 1902ರಿಂದ ತಯಾರಾದ ಈ ಕೋವಿಯಲ್ಲಿ ಗುಂಡು ಹಾರಿದಾಗ ನಳಿಕೆ, ಅದರ ಹಿಂಬದಿ ಮುಚ್ಚುವ ಬೋಲ್ಟ್ ಎರಡೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ಆ ರಭಸಕ್ಕೆ ಬ್ರೇಕ್ ಹಾಕುವುದು ತೋಟಾ ತುಂಬುವ ಮ್ಯಾಗಜಿನ್ ಕೊಳವೆಯ ಮೇಲಿನ ಕಂಚಿನ ತುಂಡು ಮತ್ತು ಉಕ್ಕಿನ ಬಳೆ.

ಹಗುರ ತೋಟಾ ಆದರೆ ಬಳೆ ಆ ಕೊಳವೆ ಸುತ್ತಿನ ಸ್ಪ್ರಿಂಗಿನ ಹಿಂದೆ, ಬೋಲ್ಟ್ ಕೂರುವ ಲೋಹದ ಒಡಲಾದ ರಿಸೀವರ್‌ಗೆ ತಾಗಿಕೊಂಡು ಇರಬೇಕು. ಭಾರಿ ತೋಟಾ ಆದರೆ ಸ್ಪ್ರಿಂಗಿನ ಮುಂದೆ, ಇಳಿಜಾರು ಅಂಚು ಕಂಚಿನ ತುಂಡಿನ ಕಡೆಗೆ. ಹಗುರದ ಜೋಡಣೆಯಲ್ಲೇ ಭಾರಿ ತೋಟಾ ಹೊಡೆದರೆ ಮುಂಗೈ ಮರ ಸೀಳುತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ನಾನು ಮೊದಲು ನೋಡೋದು ಆ ಮರವನ್ನೇ, ಹೊಳಪನ್ನಲ್ಲ. ಕೊಳವೆಗೆ ಎಣ್ಣೆ ಸುರಿಯಬೇಡಿ, ಬಟ್ಟೆಯಲ್ಲಿ ಒರೆಸಿದಷ್ಟು ಸಾಕು. ಜಾಸ್ತಿಯಾದರೆ ಬ್ರೇಕ್ ಹಿಡಿಯಲ್ಲ, ಅಲ್ವಾ?

ಹಳೆ ಬೆಲ್ಜಿಯಂ ನಳಿಕೆಗೆ ಸ್ಟೀಲ್ ಚರೆ ಬೇಡವೇ ಬೇಡ. ಸೀಸದ ಚರೆಗೆ ರೇಂಜಿನಲ್ಲಿ ಅನುಮತಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. 16 ಗೇಜಿನ (ನಳಿಕೆ ಅಳತೆ) ಕೋವಿಯವರು ಇನ್ನೊಂದು ನೋಡಿ: ಹಳೆಯ ಕೆಲವಕ್ಕೆ 65 ಮಿ.ಮೀ. ಛೇಂಬರ್ (ತೋಟಾ ಕೂರುವ ಗೂಡು) ಇರುತ್ತೆ, ಈಗಿನ 70 ಮಿ.ಮೀ. ತೋಟಾ ಹಾಕಬಾರದು. ಅನುಮಾನವಿದ್ದರೆ ಗನ್‌ಸ್ಮಿತ್ ಹತ್ತಿರ ಅಳತೆ ಮಾಡಿಸಿಕೊಂಡೇ ತನ್ನಿ.