ಪ್ರತಿವಿಷದ ಮೊದಲ ಡೋಸ್ ನಮ್ಮ ಆರೋಗ್ಯ ಕೇಂದ್ರದಲ್ಲೇ ಸಿಗಲಿ: ಗ್ರಾಮಸ್ಥರ ಮನವಿ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು

ವಿಷಯ: ಹಾವು ಕಡಿತಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಆರಂಭಿಸುವ ಬಗ್ಗೆ

ಮಾನ್ಯರೇ,

ನಾವು ಅಡಿಕೆ ತೋಟ, ಭತ್ತದ ಗದ್ದೆಗಳನ್ನೇ ನೆಚ್ಚಿಕೊಂಡಿರುವ ಮಲೆನಾಡಿನ ಹಳ್ಳಿಗಳವರು. ಕಳೆದ ಮಳೆಗಾಲದಲ್ಲಿ ನಮ್ಮೂರಿನ ಮಹಿಳೆಯೊಬ್ಬರಿಗೆ ಹುಲ್ಲು ಕೊಯ್ಯುವಾಗ ಕೊಳಕುಮಂಡಲ ಕಚ್ಚಿತು. ಮನೆಯವರು ಮಂತ್ರ, ನಾಟಿ ಔಷಧಿ ಎಂದು ಹೊತ್ತು ಕಳೆಯದೆ ನೇರವಾಗಿ ಆರೋಗ್ಯ ಕೇಂದ್ರಕ್ಕೆ ಕರೆತಂದರು. ಅಲ್ಲಿ ಗಾಯ ತೊಳೆದು, ‘ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದು ಚೀಟಿ ಬರೆದುಕೊಟ್ಟರು. ಅಷ್ಟು ದೂರ ತಲುಪುವಾಗ ಅವರ ಒಸಡಿನಿಂದ ರಕ್ತ ಒಸರುತ್ತಿತ್ತು. ಜೀವವೇನೋ ಉಳಿಯಿತು, ಆದರೆ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಬೇಕಾಯಿತು. ಪ್ರತಿವಿಷದ ಸೀಸೆಗಳು ನಮ್ಮ ಕೇಂದ್ರದ ಫ್ರಿಜ್‌ನಲ್ಲೇ ಇದ್ದವು ಎಂಬುದು ಆಮೇಲೆ ತಿಳಿಯಿತು.

ವೈದ್ಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ಕುದುರೆಯ ರಕ್ತದಿಂದ ತಯಾರಾಗುವ ಈ ಔಷಧಿ ಕೆಲವರಿಗೆ ಒಗ್ಗದೆ ಏಕಾಏಕಿ ರಕ್ತದೊತ್ತಡ ಕುಸಿಯುತ್ತದೆ, ಉಸಿರು ಕಟ್ಟುತ್ತದೆ. ಒಬ್ಬರೇ ವೈದ್ಯರಿರುವ ಕಡೆ ಆ ಅಂಜಿಕೆ ಸಹಜ. ಆದರೆ ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಇದೆ. ಅದನ್ನು ಸಿದ್ಧವಾಗಿಟ್ಟುಕೊಂಡು ಪ್ರತಿವಿಷ ಕೊಡುವ ತರಬೇತಿ ಸಿಕ್ಕರೆ ಅಂಜಿಕೆ ತಾನಾಗಿ ಕಡಿಮೆಯಾಗುತ್ತದೆ. ಆದ್ದರಿಂದ ವೈದ್ಯರಿಗೂ ಶುಶ್ರೂಷಕಿಯರಿಗೂ ಪ್ರತಿ ವರ್ಷ ಮುಂಗಾರಿಗೆ ಮೊದಲೇ ಈ ತರಬೇತಿ ಕೊಡಿಸಬೇಕು. ವಿಷವೇರಿದ ಲಕ್ಷಣ ಕಂಡವರಿಗೆ ಮೊದಲ ಡೋಸ್ ಆರಂಭಿಸದೆ ಮುಂದಕ್ಕೆ ಕಳುಹಿಸಬಾರದು ಎಂದು ಲಿಖಿತ ಆದೇಶ ಹೊರಡಿಸಬೇಕು. ನಮ್ಮ ಮುಖ್ಯ ಬೇಡಿಕೆ ಇದೇ.

ಲಕ್ಷಣ ಪತ್ತೆ ಮಾಡಲು ದುಬಾರಿ ಯಂತ್ರವೂ ಬೇಕಿಲ್ಲ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ತೆಗೆದು, ಅಲುಗಾಡಿಸದೆ 20 ನಿಮಿಷ ಇಟ್ಟು, ಬಳಿಕ ಒಮ್ಮೆ ಓರೆ ಮಾಡಿದರೆ ಸಾಕು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ರಕ್ತಕ್ಕೇರಿದೆ ಎಂದರ್ಥ. ನಳಿಕೆ ಪ್ಲಾಸ್ಟಿಕ್ಕಿನದಾದರೆ ಅಥವಾ ಸೋಪಿನ ಅಂಶ ಉಳಿದಿದ್ದರೆ ಫಲಿತಾಂಶ ತಪ್ಪುತ್ತದೆ. ಹೊಸ ಗಾಜಿನ ನಳಿಕೆಗಳನ್ನು ಇದಕ್ಕೆಂದೇ ತೆಗೆದಿಡಿಸಿ. ಕಟ್ಟುಹಾವಿನ ವಿಷಯ ಬೇರೆ. ಅದು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಬಂದವರ ರೆಪ್ಪೆ ಜೋಲುತ್ತಿದ್ದರೆ ಹಾವು ಕಡಿತವೆಂದೇ ಶಂಕಿಸಬೇಕು. ಉಸಿರಾಟ ನಿಲ್ಲುವ ಹಂತದಲ್ಲಿ ಕೈಯಿಂದ ಒತ್ತಿ ಗಾಳಿ ಕೊಡುವ ಅಂಬು ಬ್ಯಾಗ್ ಜೀವ ಉಳಿಸುತ್ತದೆ. ಅದು ಕೇಂದ್ರದಲ್ಲೂ 108 ವಾಹನದಲ್ಲೂ ಕೈಗೆಟುಕುವಂತಿರಲಿ.

ಮೊದಲ ಡೋಸ್‌ಗೇ 8ರಿಂದ 10 ಸೀಸೆ ಬೇಕು. ಮಕ್ಕಳಿಗೂ ಪ್ರಮಾಣ ಅಷ್ಟೇ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಲೆಕ್ಕಕ್ಕೆಂದು ಎರಡು ಮೂರು ಸೀಸೆ ಇಟ್ಟರೆ ಉಪಯೋಗವಿಲ್ಲ.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇವರಲ್ಲಿ ಬಹುಪಾಲು ಹಳ್ಳಿಯವರು, ಆಸ್ಪತ್ರೆಯ ಲೆಕ್ಕಕ್ಕೇ ಸಿಗದವರು. ನಮ್ಮ ರಾಜ್ಯ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ನಮಗೆ ಹೆಮ್ಮೆಯ ವಿಷಯ. ಆದರೆ ಚೀಟಿ ಬರೆದು ಸಾಗಹಾಕಿದವರು, ದಾರಿಯಲ್ಲೇ ತೀರಿಕೊಂಡವರು ಆ ವರದಿಗೆ ಸೇರುತ್ತಿದ್ದಾರೆಯೇ? ಆಶಾ ಕಾರ್ಯಕರ್ತೆಯರ ಮೂಲಕ ಇವರನ್ನೂ ದಾಖಲಿಸಬೇಕು.

ಇನ್ನೊಂದು ಮಾತು. ಈಗಿನ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಅದಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಅಲ್ಲಿನ ವಿಷದಿಂದ ತಯಾರಾದ ಪ್ರತಿವಿಷ ಇಲ್ಲಿ ಅಷ್ಟೇ ಚೆನ್ನಾಗಿ ಕೆಲಸ ಮಾಡದಿರಬಹುದು. ನಮ್ಮ ತೋಟಗಳ ದರಗಿನಲ್ಲಿ ಅಡಗಿರುವ, ಮೂಗಿನ ತುದಿ ಮೇಲೆದ್ದ ಗುಳಿಮಂಡಲಕ್ಕಂತೂ ಇಲ್ಲಿ ಪ್ರತಿವಿಷವೇ ಇಲ್ಲ. ಇಂತಹ ಸಂಶೋಧನೆಗೆ ಮಲೆನಾಡಿನ ರೋಗಿಗಳ ದಾಖಲೆ ಒದಗುವಂತೆ ಇಲಾಖೆ ಏರ್ಪಾಡು ಮಾಡಲಿ. ರೋಗಿಯ ಒಪ್ಪಿಗೆ ಪಡೆದು, ಹೆಸರು ಗೋಪ್ಯವಾಗಿಟ್ಟು ಮಾಡುವುದಾದರೆ ನಾವು ಸಹಕರಿಸುತ್ತೇವೆ.

ಮುಂಗಾರು ಆರಂಭವಾಗುವುದರೊಳಗೆ ನಮ್ಮ ಕೇಂದ್ರಕ್ಕೆ ಖುದ್ದಾಗಿ ಭೇಟಿ ಕೊಟ್ಟು, ಗ್ರಾಮಸ್ಥರ ಎದುರಿನಲ್ಲೇ ದಾಸ್ತಾನು ಪರಿಶೀಲಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮಸ್ಥರು (ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ