ಬ್ಲಾಕ್‌ಚೈನ್ ಪಾವತಿ: ವೇಗ ಇರಲಿ, ಲೈನ್ ಹೋದಾಗ ಲೆಕ್ಕ ಉಳಿಯುತ್ತದೆಯೇ?

ಮಾನ್ಯ ಸಂಪಾದಕರೇ,

ಬ್ಲಾಕ್‌ಚೈನ್ (ಒಂದೇ ಲೆಕ್ಕದ ಪುಸ್ತಕವನ್ನು ಹಲವು ಕಂಪ್ಯೂಟರ್‌ಗಳು ಒಟ್ಟಾಗಿ ಇಡುವ ವಿಧಾನ) ಪಾವತಿ ವ್ಯವಸ್ಥೆ ಮಾರುವವರು ಮೊದಲು ಹೇಳುವುದೇ ಸೆಕೆಂಡಿಗೆ ಎಷ್ಟು ಸಾವಿರ ವ್ಯವಹಾರ ಎಂಬುದನ್ನು. ಮುಂಬಯಿಯ ನಮ್ಮ ಪತ್ತಿನ ಸೊಸೈಟಿಗಳು ಇಂಥದ್ದನ್ನು ಕೊಳ್ಳುವ ಯೋಚನೆ ಮಾಡಿದರೆ, ನೆಟ್‌ವರ್ಕನ್ನು ಬೇಕೆಂದೇ ಕೆಡಿಸಿ ತೋರಿಸಿ ಎಂದು ಕೇಳಬೇಕು. ವೇಗಕ್ಕೆ ಹೆಸರಾದ ಸೊಲಾನಾ ಎಂಬ ಬ್ಲಾಕ್‌ಚೈನ್ 2021ರ ಸೆಪ್ಟೆಂಬರ್ 14ರಂದು ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಂಗಳು) ಸುರಿದ ವ್ಯವಹಾರಗಳ ಭಾರಕ್ಕೆ ಸುಮಾರು 17 ಗಂಟೆ ನಿಂತೇ ಹೋಗಿತ್ತು.

ಒಂದು ನೋಡ್ (ಲೆಕ್ಕದ ಪ್ರತಿ ಇಡುವ ಕಂಪ್ಯೂಟರ್) ಸುಳ್ಳು ಹೇಳಿದರೂ ಲೆಕ್ಕ ಕೆಡಬಾರದೆಂದರೆ ಕನಿಷ್ಠ 4 ನೋಡ್ ಇರಬೇಕು, ಪ್ರತಿ ಬ್ಲಾಕಿಗೂ (ಒಟ್ಟಿಗೆ ಬರೆಯುವ ವ್ಯವಹಾರಗಳ ಕಂತೆಗೂ) 3ರ ಒಪ್ಪಿಗೆ ಸಿಗಬೇಕು. ನಾಲ್ಕನ್ನೂ ಒಂದೇ ಕೋಣೆಯಲ್ಲಿಟ್ಟು ಪರೀಕ್ಷಿಸಿ ಪ್ರಯೋಜನವಿಲ್ಲ. ಫೋರ್ಟ್, ಮಾಟುಂಗಾ, ವಾಶಿ, ಡೊಂಬಿವಲಿ ಎಂದು ಹಂಚಿಡಿ. 1,000 ಪರೀಕ್ಷಾ ಖಾತೆ ತೆರೆದು ತಲಾ 10,000 ರೂಪಾಯಿ ತೋರಿಸಿ. ಖಾತೆಯಿಂದ ಖಾತೆಗೆ ಹಣ ಎಷ್ಟೇ ಓಡಾಡಲಿ, ಒಂದೇ ಬ್ಲಾಕ್ ಸಂಖ್ಯೆಯಲ್ಲಿ ನೋಡಿದರೆ ನಾಲ್ಕೂ ಕಡೆ ಮೊತ್ತ 1 ಕೋಟಿಯೇ ಇರಬೇಕು. ಶುಲ್ಕ ಕಡಿತವಿದ್ದರೆ ಆ ಖಾತೆಯನ್ನೂ ಕೂಡಿಸಿ.

ಈಗ ಒಂದು ನೋಡಿನ ವಿದ್ಯುತ್ ತೆಗೆಯಿರಿ. ಉಳಿದ ಮೂರು ನೋಡ್‌ಗಳು ಕೆಲಸ ಮುಂದುವರಿಸಬೇಕು. ಮುಂದಿನದು ಮಳೆಗಾಲದ ಪರೀಕ್ಷೆ: ಖಾಡಿಯಾಚೆಯ (ಸಮುದ್ರದ ಹಿನ್ನೀರಿನಾಚೆಯ) ವಾಶಿ, ಡೊಂಬಿವಲಿ ಒಂದು ಕಡೆ, ಈಚೆಯ ಎರಡು ಇನ್ನೊಂದು ಕಡೆ ಆಗುವಂತೆ ಸಂಪರ್ಕ ಕಡಿಯಿರಿ. ಯಾವ ಕಡೆಯೂ 3 ಮತವಿಲ್ಲ, ಹಾಗಾಗಿ ಎರಡೂ ಕಡೆ ಪಾವತಿ ನಿಲ್ಲಲೇಬೇಕು. ಇಲ್ಲಿ ನಿಲ್ಲುವುದೇ ಸರಿ. ಯಾವುದಾದರೂ ಕಡೆ ಪಾವತಿ ನಡೆಯುತ್ತಲೇ ಇದ್ದರೆ ಅದೇ ಹಣ ಎರಡು ಸಲ ಖರ್ಚಾಗುವ ದಾರಿ ತೆರೆದಿದೆ ಎಂದರ್ಥ. ಹತ್ತು ನಿಮಿಷ ಬಿಟ್ಟು ಜೋಡಿಸಿ; ನಾಲ್ಕರ ಕೊನೆಯ ಬ್ಲಾಕಿನ ಹ್ಯಾಶ್ (ಒಳಗಿನ ಲೆಕ್ಕ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಒಂದೇ ಆಗಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಬರೆದಿಡಿ.

ಪೂರ್ತಿ ಹೋದ ಲೈನಿಗಿಂತ ಕುಂಟುವ ಲೈನ್ ಹೆಚ್ಚು ಕಾಡುತ್ತದೆ. ಲೈನನ್ನು ಬೇಕೆಂದೇ ಕೆಡಿಸುವ ಲಿನಕ್ಸ್‌ನ ಸಾಧನ ನೆಟೆಮ್ ಬಳಸಿ 300 ಮಿಲಿಸೆಕೆಂಡ್ ವಿಳಂಬ, ಶೇ 5ರಷ್ಟು ಪ್ಯಾಕೆಟ್ (ಮಾಹಿತಿಯ ತುಣುಕು) ನಷ್ಟ ಹಾಕಿ ನೋಡಿ. ಕಾಯುವ ಅವಧಿಯನ್ನು ಲ್ಯಾಬಿನ ವೇಗಕ್ಕೆ ತಕ್ಕಂತೆ ಕಡಿಮೆ ಇಟ್ಟಿದ್ದರೆ, ಹೊಸ ಬ್ಲಾಕ್ ಮುಂದಿಡುವ ನಾಯಕ ನೋಡ್ ಸತ್ತಿದೆಯೆಂದು ಉಳಿದವು ಮತ್ತೆ ಮತ್ತೆ ಹೊಸ ನಾಯಕನನ್ನು ಆರಿಸುತ್ತಲೇ ಇರುತ್ತವೆ, ಬ್ಲಾಕ್ ಮಾತ್ರ ಹುಟ್ಟುವುದಿಲ್ಲ. ಡಿಸ್ಕ್ ತುಂಬಿಸುವುದು, ಒಂದು ನೋಡಿನ ಗಡಿಯಾರ 5 ನಿಮಿಷ ಮುಂದಿಡುವುದು ಸಹ ಆಗಲಿ. ಇಷ್ಟೂ 72 ಗಂಟೆ ಬಿಡದೆ ನಡೆಯಬೇಕು. ಮೆಮೊರಿ ಸೋರಿಕೆ (ಪ್ರೋಗ್ರಾಂ ಬಳಸಿದ ಮೆಮೊರಿಯನ್ನು ಬಿಟ್ಟುಕೊಡದೆ ಹಿಡಿದಿಡುವ ದೋಷ) ಒಂದು ಗಂಟೆಯ ಡೆಮೊದಲ್ಲಿ ಕಾಣುವುದಿಲ್ಲ.

ಚೈನ್ ಸರಿಯಿದ್ದೂ ಸದಸ್ಯರ ಹಣ ಹೋಗುವುದು ಕೌಂಟರಿನಲ್ಲಿ. ಕೋರಿಕೆ ತಲುಪಿದ ಮೇಲೆ, ಉತ್ತರ ಬರುವ ಮೊದಲು, ಸಂಪರ್ಕ ಕಡಿಯಿರಿ. ಕ್ಯಾಷಿಯರ್ ಇನ್ನೊಮ್ಮೆ ಒತ್ತುತ್ತಾರೆ. ಆ್ಯಪ್ ಹಳೆಯ ವ್ಯವಹಾರ ಸಂಖ್ಯೆಯನ್ನೇ ಕಳಿಸಿದರೆ ಹಣ ಒಮ್ಮೆ ಮಾತ್ರ ಕಡಿತವಾಗುತ್ತದೆ. ಹೊಸ ಸಂಖ್ಯೆ ಹುಟ್ಟಿಸಿದರೆ ಎರಡು ಸಲ. ಆಗಲೂ ಒಟ್ಟು ಮೊತ್ತ 1 ಕೋಟಿಯೇ ಇರುವುದರಿಂದ ಮೇಲಿನ ಲೆಕ್ಕದಲ್ಲಿ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಕೌಂಟರಿನ ರಸೀದಿಯನ್ನೂ ಖಾತೆಯ ನಮೂದನ್ನೂ ಒಂದೊಂದಾಗಿ ತಾಳೆ ನೋಡಲೇಬೇಕು.

— ಪಾವತಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲವು ಕನ್ನಡಿಗರು, ಡೊಂಬಿವಲಿ