ಕ್ಯಾನಿನಲ್ಲಿ ಏನಿದೆ ಅಂತ ಕೇಳು

ಪ್ರೀತಿಯ ಸವಿತಾ,

ನಿನ್ನನ್ನು ಹೊಲಿಗೆ ಲೈನಿನಿಂದ ತೆಗೆದು ಫಿನಿಷಿಂಗ್‌ನಲ್ಲಿ ಕಲೆ ತೆಗೆಯುವ ಕೆಲಸಕ್ಕೆ ಹಾಕಿದ್ದಾರೆ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಟಾರ್ಗೆಟ್ ಕಾಟ ಇಲ್ಲ, ಸೂಪರ್‌ವೈಸರ್ ಕೂಗಾಟ ಕಡಿಮೆ ಅಂತ ಅವಳಿಗೆ ಖುಷಿ. ನನಗೆ ಮಾತ್ರ ಆ ಸ್ಪ್ರೇ ಗನ್ನಿಗೆ ಏನು ತುಂಬುತ್ತಾರೆ ಅನ್ನುವುದೇ ಯೋಚನೆ.

ಮೆಷಿನ್ ಎಣ್ಣೆಯ ಕಲೆ ನೀರಿಗೆ ಹೋಗಲ್ಲ. ಅದಕ್ಕೆ ಹೊಡೆಯುವುದು ಬೇಗ ಆವಿಯಾಗುವ ಸಾಲ್ವೆಂಟ್, ಅಂದರೆ ಜಿಡ್ಡು ಕರಗಿಸುವ ದ್ರಾವಣ. ಹಲವು ಕಡೆ ಟ್ರೈಕ್ಲೋರೋಎಥಿಲೀನ್ ಅಥವಾ ಪರ್‌ಕ್ಲೋರೋಎಥಿಲೀನ್ ಬಳಸುತ್ತಾರೆ. ಮೊದಲನೆಯದು ಮನುಷ್ಯರಿಗೆ ಕಿಡ್ನಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ತೀರ್ಮಾನಿಸಿತು. ಎರಡೂ ಲಿವರಿಗೆ, ನರಗಳಿಗೆ ಒಳ್ಳೆಯದಲ್ಲ. ನಿಮ್ಮಲ್ಲಿ ಯಾವುದು ಬಳಸುತ್ತಾರೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿರಲಿಕ್ಕಿಲ್ಲ, ಅಲ್ವಾ? ದೊಡ್ಡ ಡ್ರಮ್ಮಿನಿಂದ ಹೆಸರಿಲ್ಲದ ಕ್ಯಾನಿಗೆ ಸುರಿದು ಕೊಟ್ಟರೆ ಯಾರಿಗೆ ತಾನೇ ಗೊತ್ತಾಗಬೇಕು?

ವಾಸನೆಯನ್ನು ನಂಬಿ ಕೂರಬೇಡ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಬಿಡುತ್ತದೆ, ಆವಿ ಮಾತ್ರ ಅಲ್ಲೇ ಇರುತ್ತದೆ. ಅದು ಗಾಳಿಗಿಂತ ಭಾರ. ಮೇಲಿನ ಫ್ಯಾನು ಅದನ್ನು ಹೊರಗೆ ಹಾಕಲ್ಲ, ಕೋಣೆ ತುಂಬಾ ಹರಡುತ್ತದೆ ಅಷ್ಟೆ. ಮೇಜಿನ ಹತ್ತಿರವೇ ಎಳೆದುಕೊಳ್ಳುವ ಎಕ್ಸಾಸ್ಟ್ ಬೇಕು. ಬಟ್ಟೆ ಮಾಸ್ಕು ಆವಿಗೆ ಏನೂ ಮಾಡಲ್ಲ. ತೆಳು ರಬ್ಬರ್ ಗ್ಲೌಸಿನೊಳಗೂ ಸಾಲ್ವೆಂಟ್ ಇಳಿಯುತ್ತದೆ.

ಇಎಸ್‌ಐ ಡಿಸ್ಪೆನ್ಸರಿಯಲ್ಲಿ ನಾನು ನರ್ಸ್ ಆಗಿದ್ದಾಗ ತಲೆನೋವು, ತಲೆಸುತ್ತು ಅಂತ ಗಾರ್ಮೆಂಟ್ಸ್ ಹುಡುಗಿಯರು ಬರುತ್ತಲೇ ಇದ್ದರು. ಊಟ ಸರಿಯಾಗಿ ಮಾಡು ಅಂತ ಹೇಳಿ ಕಳಿಸುವವರೇ ಜಾಸ್ತಿ, ನಿನ್ನ ಕೈಯಲ್ಲಿ ಏನು ಕೆಲಸ ಮಾಡಿಸುತ್ತಾರೆ ಅಂತ ಕೇಳುವವರು ಕಡಿಮೆ. ನೀನೇ ಹೇಳಬೇಕು. ತಲೆನೋವು ಕೆಲಸದ ದಿನ ಏರಿ ಭಾನುವಾರ ಇಳಿದರೆ ಅದನ್ನೂ ಹೇಳು. ಮುಟ್ಟು ಏರುಪೇರಾದರೂ ನಾಚಿಕೆ ಬೇಡ. ದಕ್ಷಿಣ ಕೊರಿಯಾದಲ್ಲಿ 1995ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರ ಹುಡುಗಿಯರಿಗೆ ಮುಟ್ಟೇ ನಿಂತುಹೋಯಿತು. ಕಾರಣ 2-ಬ್ರೋಮೋಪ್ರೊಪೇನ್ ಅನ್ನುವ ಸಾಲ್ವೆಂಟ್. ಹಳೆಯ ಸಾಲ್ವೆಂಟ್ ಓಝೋನಿಗೆ ಹಾನಿ ಅಂತ ಬಿಟ್ಟು ಇದನ್ನು ತಂದಿದ್ದರು. ಆಕಾಶದ ಬಗ್ಗೆ ಇದ್ದ ಕಾಳಜಿ ಹುಡುಗಿಯರ ಬಗ್ಗೆ ಯಾರಿಗೂ ಇರಲಿಲ್ಲ, ನೋಡು.

ನೀನೀಗ ಮಗುವಿನ ಯೋಚನೆಯಲ್ಲಿದ್ದೀಯ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಮಗುವಿನ ಹೃದಯ ರೂಪುಗೊಳ್ಳಲು ಶುರುವಾಗಿರುತ್ತದೆ. ಗೊತ್ತಾದ ಮೇಲೆ ಜಾಗ ಬದಲಿಸೋಣ ಅಂದರೆ ತಡ. ಎದೆಹಾಲಿಗೂ ಇದು ಇಳಿಯುತ್ತದೆ. 1977ರಲ್ಲಿ ಕೆನಡಾದ ವೈದ್ಯರು ಕಾಮಾಲೆಯಾದ ಒಂದು ಹಸುಗೂಸಿನ ಬಗ್ಗೆ ಬರೆದಿದ್ದರು. ತಾಯಿ ಸಾಲ್ವೆಂಟ್ ಇರುವ ಕಡೆ ಕೆಲಸವನ್ನೂ ಮಾಡುತ್ತಿರಲಿಲ್ಲ. ಚರ್ಮದ ಬಟ್ಟೆ ಕ್ಲೀನ್ ಮಾಡುವ ಕಡೆ ಇದ್ದ ಗಂಡನ ಜೊತೆ ಊಟಕ್ಕೆ ಹೋಗುತ್ತಿದ್ದಳು, ಅಷ್ಟೇ. ಅವಳ ಹಾಲಿನಲ್ಲಿ ಪರ್‌ಕ್ಲೋರೋಎಥಿಲೀನ್ ಸಿಕ್ಕಿತು. ಎದೆಹಾಲು ನಿಲ್ಲಿಸಿದ ಮೇಲೆ ಮಗು ಚೇತರಿಸಿಕೊಂಡಿತು.

ಕೆಲಸ ಬಿಡು ಅಂತ ನಾನು ಹೇಳುವುದಿಲ್ಲ. ಮನೆಯ ಸಾಲ ನನಗೆ ಗೊತ್ತು. ಆದರೆ ಕೇಳುವುದಕ್ಕೆ ಹೆದರಬೇಡ. ಭೋಪಾಲ್ ದುರಂತವಾದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಸುರಕ್ಷತೆಯ ಮಾಹಿತಿ ಕೇಳುವ ಹಕ್ಕನ್ನು ಕೆಲಸಗಾರರಿಗೆ ಕೊಟ್ಟರು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಹಕ್ಕು ಇದೆ. ಡ್ರಮ್ಮಿನ ಜೊತೆ ಸೇಫ್ಟಿ ಡೇಟಾ ಶೀಟ್ ಅಂತ ಬರಬೇಕು. ಅದರ 8ನೇ ಭಾಗದಲ್ಲಿ ಯಾವ ಗ್ಲೌಸು, ಯಾವ ಮಾಸ್ಕು ಅಂತ ಬರೆದಿರುತ್ತದೆ. ಒಬ್ಬಳೇ ಹೋಗಬೇಡ, ಆ ರೂಮಿನವರೆಲ್ಲ ಸೇರಿ ಹೋಗಿ. ಒಬ್ಬಳೇ ಕೇಳಿದರೆ ತಂಟೆಕೋರಿ ಅಂತಾರೆ.

ಊಟದ ಡಬ್ಬಿ, ನೀರಿನ ಬಾಟಲಿ ಆ ಕೋಣೆಯಲ್ಲಿ ಇಡಬೇಡ. ಕೈಯ ಜಿಡ್ಡನ್ನು ಆ ದ್ರಾವಣದಿಂದ ಒರೆಸಿಕೊಳ್ಳಬೇಡ, ಸೋಪು ಸಾಕು. ಡ್ರಮ್ಮಿನ ಲೇಬಲ್ಲಿನ ಹೆಸರು ಬರೆದುಕೊಂಡು ನನಗೆ ವಾಟ್ಸಾಪ್ ಮಾಡು. ಮುಂದಿನ ರಜೆಗೆ ಬಂದಾಗ ಇಎಸ್‌ಐ ಕಾರ್ಡ್ ತಾ, ಲಿವರ್ ಟೆಸ್ಟ್ ಮಾಡಿಸೋಣ. ನಾನೇ ಜೊತೆಗೆ ಬರುತ್ತೇನೆ.

ಇತಿ ನಿನ್ನ
ದೊಡ್ಡಮ್ಮ